ಬೆರಳ ತುದಿಗೆ ಒಲಿದ ಸಂಗೀತ

ಹೆಲೆನ್ ಕೆಲ್ಲರ್ 1880ರ ಜೂನ್ 27ರಂದು ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ ಜನಿಸಿದರು. ಹತ್ತೊಂಬತ್ತನೆಯ ತಿಂಗಳಲ್ಲಿ ಬಂದ ಕಾಯಿಲೆ ಮಗುವಿನ ಕಣ್ಣು, ಕಿವಿ ಎರಡನ್ನೂ ಕಸಿದುಕೊಂಡಿತು. 1887ರಲ್ಲಿ ಮನೆಗೆ ಬಂದ ಉಪಾಧ್ಯಾಯಿನಿ ಆನ್ ಸಲಿವನ್, ಅಂಗೈಯಲ್ಲಿ ಬೆರಳುಗಳಿಂದ ಅಕ್ಷರ ಮೂಡಿಸಿ ಭಾಷೆ ಕಲಿಸಿದರು. 1904ರಲ್ಲಿ ಹೆಲೆನ್ ಪದವೀಧರೆಯಾದರು.

ಕಾಣದವರಿಗೆ ಬಣ್ಣದ ಮಾತೇಕೆಂದು ಆಕ್ಷೇಪಿಸಿದವರುಂಟು. 1908ರ ತಮ್ಮ ಗ್ರಂಥದಲ್ಲಿ ಆಕೆ ಅದಕ್ಕೆ ಉತ್ತರವಿತ್ತರು. ಒಂದು ಹಣ್ಣಿನ ಪರಿಮಳ ಇನ್ನೊಂದರಂತಿಲ್ಲ. ಹಾಗೆಯೇ ಕೆಂಪಿನಲ್ಲಿಯೂ ಛಾಯೆಗಳಿರಬೇಕೆಂದು ಅರಿತರು. ಬಿಳಿಯೆಂದರೆ ಪಾವಿತ್ರ್ಯ, ಹಸಿರೆಂದರೆ ಉಲ್ಲಾಸ, ಕೆಂಪೆಂದರೆ ಪ್ರೀತಿ, ನಾಚಿಕೆ ಇಲ್ಲವೆ ಶಕ್ತಿ. ಹೀಗೆ ಬಣ್ಣಗಳು ಅವರಿಗೆ ಭಾವಗಳಾದವು.

1924ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಾದ್ಯವೃಂದವೊಂದು ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ನುಡಿಸಿತು. ಹೆಲೆನ್ ಮನೆಯಲ್ಲಿ ರೇಡಿಯೋದ ಕಂಪಿಸುವ ತೆಳುಪೊರೆಯ ಮೇಲೆ ಬೆರಳಿಟ್ಟು ಕುಳಿತರು. ಪಿಟೀಲಿನ ಕಂಪನ ಬೇರೆ, ಕಹಳೆಯದು ಬೇರೆ, ನಗಾರಿಯದು ಬೇರೆ. ಗಾಯಕರ ಕಂಠಗಳು ಏರಿದೊಡನೆ ಅವು ಮನುಷ್ಯರ ದನಿಗಳೆಂದು ಗುರುತಿಸಿ ಪುಳಕಗೊಂಡರು. 1824ರಲ್ಲಿ ಈ ಕೃತಿ ಮೊದಲು ಪ್ರದರ್ಶನಗೊಂಡಾಗ ಅದನ್ನು ರಚಿಸಿದಾತನೂ ಕಿವುಡನಾಗಿದ್ದ. ಆ ರಾತ್ರಿ ಹೆಲೆನ್ ಆತನನ್ನು ನೆನೆದರು.

1955ರಲ್ಲಿ ಭಾರತಕ್ಕೂ ಬಂದಿದ್ದ ಈ ಮಹಿಳೆ 1968ರ ಜೂನ್ 1ರಂದು ನಿಧನರಾದರು.

ಎಲ್ಲ ಅಂಧರ ಅನುಭವವೂ ಹೀಗೆಯೇ ಎನ್ನಲಾಗದು. ಒಬ್ಬೊಬ್ಬರ ದಾರಿ ಒಂದೊಂದು. ಆದರೆ ಕಣ್ಣು ಕಾಣದ ಮಗುವಿನ ಮುಂದೆ ಬಣ್ಣದ ಮಾತನ್ನು ನುಂಗಿಕೊಳ್ಳುವ ತಂದೆತಾಯಿಗಳು ಈ ಬಾಳನ್ನೊಮ್ಮೆ ನೆನೆಯಲಿ. ಮಗು ಕೇಳಿದರೆ ಹೇಳಲಿ. ಅರ್ಥವನ್ನು ಅದೇ ಕಟ್ಟಿಕೊಳ್ಳುತ್ತದೆ.