ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್

ಬಾರಾನಗರದಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಿಗೆ ನೆರೆಯ ಬಂಗಾಳಿ ಬಂಧುಗಳು ಬಂದು ಕೇಳುವ ಸಹಾಯಗಳಲ್ಲಿ ಒಂದುಂಟು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗುವುದು ಹೇಗೆ, ಹತ್ತಿರದಲ್ಲಿ ಇಳಿದುಕೊಳ್ಳಲು ಅನುಕೂಲವೆಲ್ಲಿ ಎಂದು ವಿಚಾರಿಸುತ್ತಾರೆ. ಮನೆಯಲ್ಲಿ ಯಾರಿಗೋ ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಮೊದಲಾದವು ತೋರಿ, ಪರೀಕ್ಷೆಯಲ್ಲಿ ಮಿದುಳಿನಲ್ಲಿ ಗಡ್ಡೆಯಿದೆಯೆಂದು ತಿಳಿದುಬಂದಿರುತ್ತದೆ. ತಲೆಯನ್ನು ತೆರೆಯಬೇಕು ಎಂದೊಡನೆ ಅವರಿಗಾಗಲಿ ನಮ್ಮವರಿಗಾಗಲಿ ಎದೆ ನಡುಗುವುದು ಸಹಜ. ಈ ಭಯಕ್ಕೆ ಒಂದು ಕಾಲದಲ್ಲಿ ತಕ್ಕ ಕಾರಣವೂ ಇತ್ತು. ಅದನ್ನು ಬಹುಮಟ್ಟಿಗೆ ನೀಗಿದವನು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್. ಈ ಮಹನೀಯನ ಜೀವನವನ್ನು ಸಂಕ್ಷೇಪವಾಗಿ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಬ್ಯಾಂಕಿನ ಗುಮಾಸ್ತ. ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುವವನಾದುದರಿಂದಲೋ ಏನೋ, ಈತನ ಕೈಚಳಕಕ್ಕಿಂತ ಈತನು ಇಟ್ಟ ಲೆಕ್ಕವೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು.

ಕುಶಿಂಗನಿಗೆ ಮೊದಲು ಮಿದುಳಿನ ಶಸ್ತ್ರಚಿಕಿತ್ಸೆಯ ಸ್ಥಿತಿ ಹೇಗಿತ್ತೆಂಬುದನ್ನು ತಿಳಿದರೆ ಈತನು ಮಾಡಿದ ಕೆಲಸದ ಬೆಲೆ ತಿಳಿದೀತು. ತಲೆಬುರುಡೆ ಎಲ್ಲ ಕಡೆಯೂ ಮುಚ್ಚಿದ ಎಲುಬಿನ ಪೆಟ್ಟಿಗೆ. ಒಳಗೆ ಗಡ್ಡೆ ಬೆಳೆದರೆ ಒತ್ತಡ ಏರುತ್ತದೆ. ಪೆಟ್ಟಿಗೆಯನ್ನು ತೆರೆದರೆ ಒತ್ತಡಕ್ಕೆ ಸಿಕ್ಕಿದ ಮಿದುಳು ಹೊರಕ್ಕೆ ಉಬ್ಬುತ್ತದೆ. ನೆತ್ತಿಯ ಚರ್ಮದಿಂದಲೂ ಎಲುಬಿನಿಂದಲೂ ಗಡ್ಡೆಯಿಂದಲೂ ರಕ್ತ ಧಾರೆಯಾಗಿ ಹರಿಯುತ್ತದೆ. ಕೈಕಾಲುಗಳಲ್ಲಾದರೆ ರಕ್ತನಾಳವನ್ನು ಚಿಮಟದಿಂದ ಹಿಡಿದು ದಾರ ಕಟ್ಟಬಹುದು. ಬೆಣ್ಣೆಯಂತೆ ಮೃದುವಾದ ಮಿದುಳಿನಲ್ಲಿ ಅದು ಸಾಧ್ಯವಿಲ್ಲ. ೧೮೮೪ರ ನವೆಂಬರ್ ೨೫ರಂದು ಲಂಡನ್ನಿನಲ್ಲಿ ರಿಕ್ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯನು, ರೋಗಲಕ್ಷಣಗಳಿಂದಲೇ ಗಡ್ಡೆಯ ಸ್ಥಾನವನ್ನು ಊಹಿಸಿ ಬುರುಡೆಯನ್ನು ತೆರೆದಾಗ ಗಡ್ಡೆ ಅಲ್ಲಿಯೇ ಇತ್ತು. ಅದನ್ನು ತೆಗೆದದ್ದೂ ಆಯಿತು. ಆದರೆ ರೋಗಿಯು ಒಂದು ತಿಂಗಳೊಳಗಾಗಿ ಸೋಂಕಿನಿಂದ ತೀರಿಕೊಂಡನು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇಂಥ ಚಿಕಿತ್ಸೆಗೆ ಕೈಹಾಕಿದ ವೈದ್ಯರು ವಿರಳ. ಉಳಿದ ರೋಗಿಗಳು ಇನ್ನೂ ವಿರಳ.

ಹಾರ್ವೆ ಕುಶಿಂಗನು ೧೮೬೯ರ ಏಪ್ರಿಲ್ ೮ರಂದು ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಹುಟ್ಟಿದನು. ತಂದೆತಾಯಿಗಳ ಹತ್ತು ಮಕ್ಕಳಲ್ಲಿ ಈತನೇ ಕಡೆಯವನು. ತಂದೆ, ತಾತ, ಮುತ್ತಾತ ಮೂವರೂ ವೈದ್ಯರು. ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ೧೮೯೫ರಲ್ಲಿ ಹಾರ್ವರ್ಡಿನಿಂದ ವೈದ್ಯನಾಗಿ ಹೊರಬಂದನು.

ವಿದ್ಯಾರ್ಥಿಯಾಗಿದ್ದಾಗ ನಡೆದ ಒಂದು ಸಂಗತಿ ಈತನ ಬಾಳಿನ ದಿಕ್ಕನ್ನು ತೋರಿಸುವಂತಿದೆ. ಆ ಕಾಲದಲ್ಲಿ ರೋಗಿಗೆ ಈಥರ್ ಕೊಟ್ಟು ಮೂರ್ಛೆ ಬರಿಸುವ ಕೆಲಸ ವಿದ್ಯಾರ್ಥಿಗಳ ಪಾಲಿನದು. ಹೀಗೆ ಕುಶಿಂಗನು ಈಥರ್ ಕೊಟ್ಟ ಒಬ್ಬ ರೋಗಿ ೧೮೯೩ರಲ್ಲಿ ಸತ್ತುಹೋದನು. ತರುಣನಿಗೆ ಇದು ಸಹಿಸಲಾರದ ಪೆಟ್ಟಾಯಿತು. ವೈದ್ಯವಿದ್ಯೆಯನ್ನೇ ಬಿಡುವ ಯೋಚನೆಯೂ ಬಂದಿತು. ಕಡೆಗೆ ಬಿಡಲಿಲ್ಲ. ಸಹಪಾಠಿಯಾದ ಕಾಡ್‌ಮನ್ನನೊಡನೆ ಸೇರಿ, ಈಥರ್ ಕೊಡುವಾಗ ರೋಗಿಯ ನಾಡಿಯನ್ನೂ ಉಸಿರನ್ನೂ ಕೆಲವು ನಿಮಿಷಗಳಿಗೊಮ್ಮೆ ಒಂದು ಕಾಗದದ ಮೇಲೆ ಗುರುತು ಮಾಡುವ ಕ್ರಮವನ್ನು ಆರಂಭಿಸಿದನು. ಇಂದು ಲೋಕದ ಯಾವ ಆಪರೇಷನ್ ಕೋಣೆಗೆ ಹೋದರೂ ಇಂಥ ದಾಖಲೆಯನ್ನು ಇಟ್ಟೇ ಇಡುತ್ತಾರೆ.

೧೮೯೬ರಲ್ಲಿ ಕುಶಿಂಗನು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋಗಿ ಹಾಲ್‌ಸ್ಟೆಡ್ ಎಂಬ ಗುರುವಿನ ಬಳಿ ಸೇರಿದನು. ನಿಮಿಷಗಳಲ್ಲಿ ಕತ್ತರಿಸಿ ಮುಗಿಸುವವನೇ ನಿಪುಣನೆಂದು ಜನ ಕೊಂಡಾಡುತ್ತಿದ್ದ ದಿನಗಳವು. ಹಾಲ್‌ಸ್ಟೆಡ್ಡನ ಮಾರ್ಗವೇ ಬೇರೆ. ಒಂದೊಂದು ರಕ್ತನಾಳವನ್ನೂ ಕಟ್ಟುತ್ತ, ಮಾಂಸವನ್ನು ನೋಯಿಸದೆ, ಸಣ್ಣ ರೇಷ್ಮೆ ದಾರದಿಂದ ಪದರ ಪದರವಾಗಿ ಹೊಲಿಯುತ್ತ ನಿಧಾನವಾಗಿ ಸಾಗುವುದು ಆತನ ಪದ್ಧತಿ. ಶಿಷ್ಯನು ಈ ನಿಧಾನವನ್ನು ಮಿದುಳಿನ ಕೆಲಸಕ್ಕೆ ತಂದನು.

೧೯೦೦-೦೧ರಲ್ಲಿ ಯೂರೋಪಿನ ಪ್ರವಾಸ ಮಾಡಿ ಬರ್ನ್ ನಗರದಲ್ಲಿ ಕೋಕರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಬಳಿ ಸಂಶೋಧನೆ ನಡೆಸಿದನು. ತಲೆಯೊಳಗಿನ ಒತ್ತಡ ಏರಿದಂತೆಲ್ಲ ದೇಹವು ರಕ್ತದೊತ್ತಡವನ್ನು ಏರಿಸಿ ಮಿದುಳಿಗೆ ರಕ್ತವನ್ನು ಒದಗಿಸಲು ಹೆಣಗುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದನು. ಇದಕ್ಕೆ ಇಂದಿಗೂ ಕುಶಿಂಗನ ಹೆಸರೇ ಇದೆ. ಇಟಲಿಯ ಪಾವಿಯಾದಲ್ಲಿ ರೀವಾ ರೋಚಿ ಎಂಬ ವೈದ್ಯನು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಸಾಧನವನ್ನು ರಚಿಸಿದ್ದನು. ಅದನ್ನು ಕುಶಿಂಗನು ಅಮೆರಿಕಕ್ಕೆ ತಂದು, ಆಪರೇಷನ್ ನಡೆಯುತ್ತಿರುವಾಗಲೇ ರಕ್ತದೊತ್ತಡವನ್ನೂ ಬರೆದಿಡುವಂತೆ ಮಾಡಿದನು. ನಮ್ಮ ಬೀದಿಯ ಡಾಕ್ಟರು ತೋಳಿಗೆ ಸುತ್ತುವ ಪಟ್ಟಿಯ ಪೂರ್ವಜ ಇದೇ.

ಮುಂದಿನ ಮೂವತ್ತು ವರ್ಷಗಳ ಸಾಧನೆಯನ್ನು ಒಂದು ಮಾತಿನಲ್ಲಿ ರಕ್ತದೊಡನೆ ನಡೆಸಿದ ಹೋರಾಟ ಎನ್ನಬಹುದು. ನೆತ್ತಿಯ ರಕ್ತವನ್ನು ತಡೆಯಲು ತಲೆಯ ಸುತ್ತ ಗಾಳಿ ತುಂಬಿದ ರಬ್ಬರಿನ ಪಟ್ಟಿ ಕಟ್ಟಿದನು. ೧೯೧೧ರಲ್ಲಿ ಬೆಳ್ಳಿಯ ತಂತಿಯ ಚಿಕ್ಕ ಕ್ಲಿಪ್ಪುಗಳನ್ನು ಬಳಕೆಗೆ ತಂದನು. ದಾರ ಕಟ್ಟಲಾಗದ ಆಳದಲ್ಲಿ ರಕ್ತನಾಳವನ್ನು ಈ ಕ್ಲಿಪ್ಪಿನಿಂದ ಅದುಮಿ, ಕ್ಲಿಪ್ಪನ್ನು ಅಲ್ಲಿಯೇ ಬಿಡುವುದು ಕ್ರಮ. ರೋಗಿ ಬಳಲಿದನೆಂದು ಕಂಡರೆ ಅಂದಿಗೆ ನಿಲ್ಲಿಸಿ, ಗಾಯ ಮುಚ್ಚಿ, ಕೆಲವು ದಿನಗಳ ಮೇಲೆ ಮತ್ತೆ ತೆರೆಯುವನು. ಗಡ್ಡೆಯನ್ನು ತೆಗೆಯಲಾಗದಿದ್ದಲ್ಲಿ ಕಿವಿಯ ಮೇಲ್ಭಾಗದ ಎಲುಬನ್ನು ಸ್ವಲ್ಪ ತೆಗೆದು ಒತ್ತಡವನ್ನಾದರೂ ಇಳಿಸಿ, ರೋಗಿಯ ನೋವನ್ನು ತಗ್ಗಿಸಿ, ದೃಷ್ಟಿಯನ್ನು ಉಳಿಸಲು ಯತ್ನಿಸುವನು. ಎಚ್ಚರವಾಗಿರುವ ರೋಗಿಯ ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ, ಯಾವ ಭಾಗದಿಂದ ಕೈಯಲ್ಲಿ ಸ್ಪರ್ಶಜ್ಞಾನ ಹುಟ್ಟುತ್ತದೆ ಎಂಬುದನ್ನು ರೋಗಿಯ ಬಾಯಿಂದಲೇ ಕೇಳಿ ತಿಳಿದು, ಅದನ್ನು ೧೯೦೯ರಲ್ಲಿ ಪ್ರಕಟಿಸಿದನು. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲವಾದುದರಿಂದ ಇದು ಸಾಧ್ಯ. ರೋಗಿಯನ್ನು ಎಚ್ಚರವಾಗಿಟ್ಟು, ಮಾತನಾಡಿಸುತ್ತ, ಮಾತಿಗೂ ಕೈಕಾಲಿಗೂ ಊನವಾಗದಂತೆ ಗಡ್ಡೆಯನ್ನು ಬಿಡಿಸುವ ಇಂದಿನ ಕ್ರಮಕ್ಕೆ ಇಂಥ ಪ್ರಯೋಗಗಳೇ ಬುನಾದಿ.

೧೯೧೦ರಲ್ಲಿ ಅಮೆರಿಕದ ಸೇನೆಯ ಹಿರಿಯ ಅಧಿಕಾರಿ ಜನರಲ್ ಲೆನರ್ಡ್ ವುಡ್ ಎಂಬಾತನ ಮಿದುಳಿನ ಹೊದಿಕೆಯಿಂದ ಬೆಳೆದಿದ್ದ ಗಡ್ಡೆಯನ್ನು ಕುಶಿಂಗನು ಎರಡು ಹಂತಗಳಲ್ಲಿ ತೆಗೆದನು. ವುಡ್ ಚೇತರಿಸಿಕೊಂಡು ಮತ್ತೆ ಉನ್ನತ ಪದವಿಗಳಲ್ಲಿ ದುಡಿದುದರಿಂದ ವೈದ್ಯನ ಕೀರ್ತಿ ಎಲ್ಲೆಡೆ ಹರಡಿತು. ಗಡ್ಡೆ ಮತ್ತೆ ಬೆಳೆಯಿತು. ಆಗ ಫಿಲಿಪೀನ್ಸಿನ ಗವರ್ನರ್ ಜನರಲ್ ಆಗಿದ್ದ ವುಡ್ ರಾಜಕಾರ್ಯದ ಒತ್ತಡದಲ್ಲಿ ಚಿಕಿತ್ಸೆಯನ್ನು ಮುಂದಕ್ಕೆ ಹಾಕುತ್ತ ಬಂದು, ೧೯೨೭ರಲ್ಲಿ ಬಹಳ ತಡವಾಗಿ ಬಾಸ್ಟನ್ನಿಗೆ ಬಂದನು. ಆಪರೇಷನ್ನಾದ ಕೆಲವೇ ಗಂಟೆಗಳಲ್ಲಿ ಒಳಗೆ ರಕ್ತಸ್ರಾವವಾಗಿ ತೀರಿಕೊಂಡನು. ಈ ಸಾವು ಕುಶಿಂಗನನ್ನು ಬಹುವಾಗಿ ನೋಯಿಸಿತು.

ಇಷ್ಟರಲ್ಲಿ ಈತನು ಹಾರ್ವರ್ಡಿಗೆ ಬಂದು, ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಂ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನಾಗಿದ್ದನು. ಮೊದಲ ಮಹಾಯುದ್ಧದಲ್ಲಿ, ೧೯೧೭ರಲ್ಲಿ, ಬೆಲ್ಜಿಯಂ ಗಡಿಯ ರಣರಂಗದ ಹತ್ತಿರ ತಲೆಗೆ ಗುಂಡು ತಗುಲಿದ ಸಿಪಾಯಿಗಳ ಸೇವೆ ಮಾಡಿದನು. ಮೂರು ತಿಂಗಳಲ್ಲಿ ಅಂಥವರ ಮರಣ ನೂರಕ್ಕೆ ೫೪ರಷ್ಟಿದ್ದುದು ೨೯ರಷ್ಟಕ್ಕೆ ಇಳಿಯಿತು. ಆದರೆ ಯುದ್ಧದಲ್ಲಿ ಅಂಟಿದ ಕಾಯಿಲೆಯಿಂದ ಈತನ ಕಾಲುಗಳ ಶಕ್ತಿ ಕುಂದಿ, ಜೀವಮಾನವೆಲ್ಲ ಕಾಡಿತು.

೧೯೨೬ನೆಯ ವರ್ಷ ಈತನಿಗೆ ದುಃಖವನ್ನೂ ಯಶಸ್ಸನ್ನೂ ಒಟ್ಟಿಗೆ ತಂದಿತು. ಗುರುಸಮಾನನೂ ಮಿತ್ರನೂ ಆದ ಸರ್ ವಿಲಿಯಂ ಆಸ್ಲರನ ಜೀವನಚರಿತ್ರೆಗಾಗಿ ಆ ವರ್ಷ ಪುಲಿಟ್ಜರ್ ಬಹುಮಾನ ಬಂದಿತು. ಜೂನ್ ತಿಂಗಳಲ್ಲಿ ಯೇಲಿನಲ್ಲಿ ಓದುತ್ತಿದ್ದ ಹಿರಿಯ ಮಗ ವಿಲಿಯಂ ಮೋಟಾರು ಅಪಘಾತದಲ್ಲಿ ಮಡಿದನು. ಬೆಳಗ್ಗೆ ಸುದ್ದಿ ತಿಳಿದು, ಅದನ್ನು ಹೆಂಡತಿಗೆ ತಿಳಿಸಿ, ಅಂದು ನಿಗದಿಯಾಗಿದ್ದ ರೋಗಿಯ ಆಪರೇಷನ್ನನ್ನು ಕುಶಿಂಗನು ನಡೆಸಿಯೇ ಮನೆಗೆ ಹಿಂದಿರುಗಿದನೆಂದು ಚರಿತ್ರಕಾರರು ಬರೆದಿದ್ದಾರೆ. ಅದೇ ವರ್ಷ ಅಕ್ಟೋಬರ್ ೧ರಂದು ಬೋವಿ ಎಂಬ ವಿಜ್ಞಾನಿಯ ವಿದ್ಯುತ್ ಯಂತ್ರವನ್ನು ಆಪರೇಷನ್ ಕೋಣೆಗೆ ತರಿಸಿದನು. ಕೆಲವು ದಿನಗಳ ಹಿಂದೆ ರಕ್ತಸ್ರಾವಕ್ಕೆ ಹೆದರಿ ಅರ್ಧಕ್ಕೆ ಬಿಟ್ಟಿದ್ದ ಒಬ್ಬ ರೋಗಿಯ ಗಡ್ಡೆಯನ್ನು ಈ ಯಂತ್ರದಿಂದ ತುಂಡು ತುಂಡಾಗಿ ಕತ್ತರಿಸುತ್ತ, ಕತ್ತರಿಸಿದಂತೆಲ್ಲ ರಕ್ತವನ್ನು ಹೆಪ್ಪುಗಟ್ಟಿಸುತ್ತ ತೆಗೆದುಬಿಟ್ಟನು. ರೋಗಿ ಬದುಕಿದನು. ಬಳಿಕ, ಸಾಧ್ಯವಿಲ್ಲವೆಂದು ಹಿಂದೆ ಮನೆಗೆ ಕಳುಹಿಸಿದ್ದ ರೋಗಿಗಳನ್ನು ಮತ್ತೆ ಕರೆಸಿಕೊಂಡು ಚಿಕಿತ್ಸೆ ಮಾಡಿದನು. ಇಂದಿಗೂ ಆ ಉಪಕರಣವನ್ನು ಆಸ್ಪತ್ರೆಗಳಲ್ಲಿ ಬೋವಿ ಎಂದೇ ಕರೆಯುತ್ತಾರೆ.

ಇನ್ನು ನಾನು ಮೊದಲೇ ಸೂಚಿಸಿದ ಲೆಕ್ಕದ ವಿಷಯ. ಲೂಯಿಸ್ ಐಸನ್‌ಹಾರ್ಟ್ ಎಂಬ ಮಹಿಳೆ ಕುಶಿಂಗನ ಕಚೇರಿಯಲ್ಲಿ ಸಹಾಯಕಿಯಾಗಿ ಸೇರಿ, ನಡುವೆ ತಾನೂ ವೈದ್ಯಶಾಸ್ತ್ರ ಓದಿ, ೧೯೨೫ರಲ್ಲಿ ಪದವೀಧರಳಾಗಿ, ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ತಜ್ಞೆಯಾದಳು. ಪ್ರತಿಯೊಂದು ಗಡ್ಡೆ ಯಾವ ಜಾತಿಯದು, ಯಾವ ದಿನ ತೆಗೆದದ್ದು, ರೋಗಿ ಬದುಕಿದನೇ ಸತ್ತನೇ ಎಂಬುದನ್ನೆಲ್ಲ ಆಕೆ ಪುಸ್ತಕದಲ್ಲಿ ಬರೆದಿಟ್ಟಳು. ಮನೆಗೆ ಹೋದ ರೋಗಿಗಳಿಗೆ ವರ್ಷಕ್ಕೊಮ್ಮೆ ತಮ್ಮ ಕ್ಷೇಮಸಮಾಚಾರ ಬರೆಯಿರಿ ಎಂದು ಕುಶಿಂಗನು ಕೇಳಿಕೊಳ್ಳುತ್ತಿದ್ದನು. ೧೯೩೧ರ ಏಪ್ರಿಲ್ ೧೫ರಂದು ಪರೀಕ್ಷೆಯಿಂದ ದೃಢಪಟ್ಟ ಗಡ್ಡೆಗಳ ಸಂಖ್ಯೆ ಎರಡು ಸಾವಿರ ಮುಟ್ಟಿತು. ಮರುವರ್ಷ ಆ ಎರಡು ಸಾವಿರದ ಲೆಕ್ಕವನ್ನು, ಸತ್ತವರ ಪ್ರಮಾಣ ಸಹಿತವಾಗಿ, ಪುಸ್ತಕವಾಗಿ ಲೋಕದ ಮುಂದಿಟ್ಟನು. ಆರಂಭದ ವರ್ಷಗಳಲ್ಲಿ ಭಯಂಕರವಾಗಿದ್ದ ಮರಣದ ಪ್ರಮಾಣ ಕಡೆಯ ವರ್ಷಗಳಲ್ಲಿ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿದಿತ್ತು. ನಷ್ಟದ ಕಲಮನ್ನು ಮುಚ್ಚಿಟ್ಟು ಲಾಭದ ಕಲಮನ್ನು ಮಾತ್ರ ತೋರಿಸಿದ್ದರೆ ಯಾವ ಜಾತಿಯ ಗಡ್ಡೆಯಲ್ಲಿ, ಯಾವ ಹಂತದಲ್ಲಿ ರೋಗಿಗಳು ಸಾಯುತ್ತಾರೆಂಬುದು ಇತರರಿಗೆ ತಿಳಿಯುತ್ತಲೇ ಇರಲಿಲ್ಲ. ಶಿಷ್ಯರು ಅದೇ ಮರಣಗಳನ್ನು ಮೊದಲಿಂದ ಮತ್ತೆ ಕಾಣಬೇಕಾಗುತ್ತಿತ್ತು. ನಮ್ಮ ಬಿ.ಟಿ. ರಸ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾಯರು ಬಹುಕಾಲ ದುಡಿದರು. ಅಂಥ ಬಾರಾನಗರದವರಿಗೆ ಎಣಿಕೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈತನಲ್ಲಿ ದೋಷಗಳು ಇರಲಿಲ್ಲವೆಂದಲ್ಲ. ಕೈಕೆಳಗಿನವರ ಮೇಲೆ ಬಲು ಕಠಿಣ. ಬುರುಡೆಯೊಳಗೆ ಗಾಳಿ ತುಂಬಿ ಎಕ್ಸ್-ರೇ ತೆಗೆದು ಗಡ್ಡೆಯ ಸ್ಥಾನ ತಿಳಿಯುವ ವಿಧಾನವನ್ನು ೧೯೧೮ರಲ್ಲಿ ಕಂಡುಹಿಡಿದ ವಾಲ್ಟರ್ ಡ್ಯಾಂಡಿ ಈತನ ಬಳಿಯೇ ಕಲಿತವನು. ಇಬ್ಬರ ನಡುವಿನ ವೈಮನಸ್ಯ ಕಡೆಯವರೆಗೂ ಉಳಿಯಿತು.

೧೯೩೨ರಲ್ಲಿ ಬ್ರಿಗಂ ಆಸ್ಪತ್ರೆಯಿಂದ ನಿವೃತ್ತನಾಗಿ, ಮರುವರ್ಷ ಯೇಲಿಗೆ ಹಿಂದಿರುಗಿದನು. ೧೯೩೯ರ ಅಕ್ಟೋಬರ್ ೭ರಂದು ಹೃದಯಾಘಾತದಿಂದ ತೀರಿಕೊಂಡನು. ಮರಣಾನಂತರದ ಪರೀಕ್ಷೆಯಲ್ಲಿ ಈತನ ಮಿದುಳಿನಲ್ಲಿಯೇ ಒಂದು ಸಣ್ಣ, ನಿರುಪದ್ರವವಾದ ಗಡ್ಡೆ ಕಂಡುಬಂದದ್ದು ವಿಧಿಯ ವಿಚಿತ್ರ. ಈತನು ಕೂಡಿಸಿದ ಮಿದುಳುಗಳ ಗಾಜಿನ ಜಾಡಿಗಳೂ ರೋಗಿಗಳ ಸಾವಿರಾರು ಛಾಯಾಚಿತ್ರಗಳೂ ಬಹುಕಾಲ ನೆಲಮಾಳಿಗೆಯಲ್ಲಿ ಧೂಳು ತಿಂದು, ೨೦೧೦ರಲ್ಲಿ ಯೇಲಿನ ವೈದ್ಯಕೀಯ ಗ್ರಂಥಾಲಯದಲ್ಲಿ ಸಾರ್ವಜನಿಕರ ದರ್ಶನಕ್ಕೆ ತೆರೆದವು.

ಈ ಪರಂಪರೆ ನಮ್ಮ ನಾಡಿಗೂ ಬಂದಿದೆ. ಕುಶಿಂಗನ ಆಸ್ಪತ್ರೆಯಲ್ಲಿ ಎಳೆಯ ವೈದ್ಯನಾಗಿ ಕಲಿತ ಪೆನ್‌ಫೀಲ್ಡ್ ಮುಂದೆ ಕೆನಡಾದ ಮಾಂಟ್ರಿಯಲ್ಲಿನಲ್ಲಿ ದೊಡ್ಡ ಸಂಸ್ಥೆಯನ್ನು ಕಟ್ಟಿದನು. ಅಲ್ಲಿ ತರಬೇತಿ ಪಡೆದ ಡಾ. ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದರು. ಮರುವರ್ಷ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರು ಕೆಲಸ ಆರಂಭಿಸಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ಬೆಳೆಯಿತು, ಡಾ. ಆರ್. ಎಂ. ವರ್ಮಾ ಅವರು ಅಲ್ಲಿ ಈ ವಿದ್ಯೆಗೆ ಬೇರೂರಿಸಿದರು. ಇಂದು ಎಂ.ಆರ್.ಐ. ಚಿತ್ರ, ಸೂಕ್ಷ್ಮದರ್ಶಕ, ದಾರಿ ತೋರುವ ಕಂಪ್ಯೂಟರು ಎಲ್ಲವೂ ವೈದ್ಯನ ನೆರವಿಗಿವೆ. ಕಲ್ಕತ್ತೆಯಲ್ಲಿಯೇ ಬಾಂಗುರ್ ಸಂಸ್ಥೆಯಿದೆ. ಎಲ್ಲ ಗಡ್ಡೆಗಳೂ ಗುಣವಾಗುತ್ತವೆಂದು ಹೇಳಲಾಗದು. ಕೆಲವು ಜಾತಿಗಳು ಇಂದಿಗೂ ಕ್ರೂರವೇ. ಆದರೆ ಮಿದುಳಿನ ಹೊದಿಕೆಯಲ್ಲಿ ಹುಟ್ಟುವ ಗಡ್ಡೆಗಳಂಥ ಹಲವನ್ನು ತೆಗೆದು ರೋಗಿಯನ್ನು ಮತ್ತೆ ಕೆಲಸಕ್ಕೆ ಕಳುಹಿಸುವುದು ಈಗ ಅಪರೂಪದ ಮಾತಲ್ಲ.

ಆದುದರಿಂದ ನಮ್ಮ ಮನೆಗಳಲ್ಲಿ ಇಂಥ ಕಷ್ಟ ಬಂದಾಗ ಜನರಲ್ ವುಡ್‌ನಂತೆ ದಿನ ದೂಡುವುದು ಬೇಡ. ಹೆದರಿಕೆಯಿಂದ ಹರಕೆ ಹೊತ್ತು ಕುಳಿತಿರುವುದೂ ಬೇಡ. ವೈದ್ಯರ ಬಳಿ ಹೋಗಿ, ಈ ಜಾತಿಯ ಗಡ್ಡೆಯನ್ನು ನೀವು ಎಷ್ಟು ತೆಗೆದಿದ್ದೀರಿ, ಅವರಲ್ಲಿ ಎಷ್ಟು ಮಂದಿ ಚೆನ್ನಾಗಿದ್ದಾರೆ ಎಂದು ವಿನಯದಿಂದ ಕೇಳೋಣ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಉತ್ತರವನ್ನು ಬರೆದಿಡುವ ಪದ್ಧತಿಯನ್ನು ಅವರಿಗೆ ಕುಶಿಂಗನೇ ಕಲಿಸಿದ್ದಾನೆ.