ಮೊದಲ ಸೂಜಿ ತನ್ನ ಮೈಗೆ: ಪ್ಲೇಗಿಗೆ ಲಸಿಕೆ ತಂದ ಹಾಫ್ಕಿನ್

ಗದಗದ ನೆರೆಯ ಕಣಗಿನಹಾಳ ಎಂದೊಡನೆ ಎಲ್ಲರಿಗೂ ನೆನಪಾಗುವುದು ಸಹಕಾರ ಸಂಘ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅಲ್ಲಿನ ರೈತರು ತಮ್ಮ ಹಣವನ್ನು ಒಟ್ಟುಗೂಡಿಸಿ, ಒಬ್ಬರ ಸಾಲಕ್ಕೆ ಮತ್ತೊಬ್ಬರು ಹೊಣೆ ನಿಂತು, ನಾಡಿಗೇ ದಾರಿ ತೋರಿದರು. ನೆರೆಯವನ ಮೇಲೆ ನಂಬಿಕೆಯಿಲ್ಲದೆ ಇಂಥ ಕೆಲಸ ಆಗುವುದಿಲ್ಲ. ಇದಕ್ಕೆ ಏಳು ವರ್ಷ ಮೊದಲು, 1898ರಲ್ಲಿ, ಇದೇ ಗದಗ ಸೀಮೆಯ ಜನರ ಮುಂದೆ ನಂಬಿಕೆಯ ಇನ್ನೊಂದು ಪ್ರಶ್ನೆ ಬಂದಿತ್ತು. ಅದು ಹಣದ ಪ್ರಶ್ನೆಯಾಗಿರಲಿಲ್ಲ, ಪ್ರಾಣದ ಪ್ರಶ್ನೆಯಾಗಿತ್ತು. ಪ್ಲೇಗು ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಕಾಲಿಟ್ಟಿತ್ತು. ಮುಂಬಯಿಯಿಂದ ಸೀಸೆಗಳಲ್ಲಿ ಬಂದ ಹೊಸ ಮದ್ದನ್ನು ತೋಳಿಗೆ ಚುಚ್ಚಿಸಿಕೊಳ್ಳಬೇಕೇ ಬೇಡವೇ ಎಂದು ಪ್ರತಿಯೊಂದು ಮನೆಯೂ ತೀರ್ಮಾನಿಸಬೇಕಾಗಿತ್ತು.

ಆ ಮದ್ದನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್ಕಿನ್. ಕಲ್ಕತ್ತ, ಮುಂಬಯಿಗಳಲ್ಲಿ ಅವರ ಹೆಸರು ಚಿರಪರಿಚಿತ. ನಮ್ಮ ಹಳ್ಳಿಗಳ ಎಷ್ಟೋ ಹಿರಿಯರ ಪ್ರಾಣ ಉಳಿದದ್ದು ಅವರ ಮದ್ದಿನಿಂದಲೇ ಎಂಬುದು ಮಾತ್ರ ಮರೆತೇಹೋಗಿದೆ.

ಹಾಫ್ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ. ಅವರದು ಯೆಹೂದ್ಯ ಮನೆತನ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫ್ ಎಂಬ ಪ್ರಸಿದ್ಧ ವಿಜ್ಞಾನಿಯ ಬಳಿ ಪ್ರಾಣಿಶಾಸ್ತ್ರ ಕಲಿತರು. ತಮ್ಮ ಜನರ ಮೇಲೆ ಗುಂಪುಗಳು ಹಲ್ಲೆ ನಡೆಸಿದಾಗ ತಡೆಯಲು ನಿಂತವರಲ್ಲಿ ಇವರೂ ಒಬ್ಬರು. ಅದಕ್ಕಾಗಿ ಸೆರೆಮನೆಯನ್ನೂ ಕಂಡರು. ಓದಿನಲ್ಲಿ ಎಷ್ಟೇ ಮುಂದಿದ್ದರೂ, ರಷ್ಯಾದ ಅಧಿಕೃತ ಧರ್ಮಸಭೆಗೆ ಸೇರದ ಹೊರತು ಪ್ರಾಧ್ಯಾಪಕ ಹುದ್ದೆ ಸಿಗುವಂತಿರಲಿಲ್ಲ. ನೌಕರಿಗಾಗಿ ವಿಶ್ವಾಸವನ್ನು ಬದಲಿಸಲು ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಹೋದರು. ಅಲ್ಲಿ ಮೊದಲು ಸಿಕ್ಕಿದ್ದು ಪುಸ್ತಕ ಭಂಡಾರದಲ್ಲಿ ಸಹಾಯಕನ ಕೆಲಸ. ಹಗಲು ಪುಸ್ತಕ ಜೋಡಿಸುತ್ತ, ಬಿಡುವಿನ ವೇಳೆಯಲ್ಲಿ ರೋಗಾಣುಗಳನ್ನು ಅಭ್ಯಾಸ ಮಾಡಿದರು.

ಆ ಕಾಲದಲ್ಲಿ ಕಾಲರಾ ಊರೂರನ್ನೇ ಬರಿದು ಮಾಡುತ್ತಿತ್ತು. ಹಾಫ್ಕಿನ್ ಅದಕ್ಕೊಂದು ಲಸಿಕೆ ಸಿದ್ಧಪಡಿಸಿದರು. ಪ್ರಾಣಿಗಳ ಮೇಲೆ ಅದು ಫಲ ಕೊಟ್ಟಿತು. ಮನುಷ್ಯನಿಗೆ? 1892ರ ಜುಲೈ 18ರಂದು ಅದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ನೋವು ಬಂತು, ಕೆಲವು ದಿನಗಳಲ್ಲಿ ಇಳಿಯಿತು. ಆನಂತರವೇ ಇತರರಿಗೆ ಕೊಡುವ ಮಾತು ಎತ್ತಿದರು. ಮುಂದೆ ಅವರ ಬದುಕಿನುದ್ದಕ್ಕೂ ಇದೇ ನಿಯಮವಾಯಿತು.

1893ರ ಮಾರ್ಚಿಯಲ್ಲಿ ಅವರು ಕಲ್ಕತ್ತಕ್ಕೆ ಬಂದರು. ಅವರು ವೈದ್ಯ ಪದವೀಧರರಲ್ಲ. ಹೀಗಾಗಿ ಎಷ್ಟೋ ವೈದ್ಯಾಧಿಕಾರಿಗಳಿಗೆ ಅವರ ಮೇಲೆ ಅಸಡ್ಡೆ. ಜನರಿಗೂ ಅನುಮಾನ. ಸುತ್ತಲಿನವರು ಹೆದರಿ ನಿಂತಾಗ ಅವರು ಮತ್ತು ಜೊತೆಗಿದ್ದ ಭಾರತೀಯ ವೈದ್ಯರು ಜನರ ಕಣ್ಣೆದುರೇ ತಾವು ಚುಚ್ಚಿಸಿಕೊಂಡು ತೋರಿಸಿದರು. ಅದನ್ನು ನೋಡಿ ಜನ ಒಬ್ಬೊಬ್ಬರಾಗಿ ಮುಂದೆ ಬಂದರು. ಎರಡು ವರ್ಷಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕಾಲರಾ ಲಸಿಕೆ ಹಾಕಿ, ಮಲೇರಿಯಾದಿಂದ ಬಳಲಿ, 1895ರಲ್ಲಿ ಯುರೋಪಿಗೆ ಹಿಂತಿರುಗಿದರು. ಚೇತರಿಸಿಕೊಂಡ ಮೇಲೆ ಮತ್ತೆ ಬಂದರು.

ಅಷ್ಟರಲ್ಲಿ ಮುಂಬಯಿಗೆ ಪ್ಲೇಗು ಬಂದಿತ್ತು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿ ಪ್ರದೇಶದಲ್ಲಿ ಅದನ್ನು ಮೊದಲು ಗುರುತಿಸಿ ಹೇಳಿದವರು ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವಿಯೆಗಸ್, ಗೋವಾದ ಅರ್ಪೋರಾದಲ್ಲಿ ಹುಟ್ಟಿದ ಕಥೋಲಿಕರು. ಪ್ಲೇಗು ಎಂದರೆ ವ್ಯಾಪಾರ ನಿಲ್ಲುತ್ತದೆ, ಬಂದರು ಮುಚ್ಚುತ್ತದೆ ಎಂದು ಹಲವರು ಆ ಮಾತನ್ನು ಕೇಳಲು ಸಿದ್ಧರಿರಲಿಲ್ಲ. ವಿಯೆಗಸ್ ತಾವು ಕಂಡದ್ದನ್ನು ಮುಚ್ಚಿಡಲಿಲ್ಲ. ಮುಂದೆ ಅವರು ಮುಂಬಯಿ ನಗರಸಭೆಯ ಅಧ್ಯಕ್ಷರೂ ಆದರು.

ಸರ್ಕಾರ ಹಾಫ್ಕಿನ್‌ರನ್ನು ಕರೆಸಿಕೊಂಡಿತು. ಅಕ್ಟೋಬರಿನಲ್ಲಿ ಅವರಿಗೆ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣ ಕೋಣೆಯೊಂದು, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು ದೊರೆತರು. ಅಷ್ಟರಲ್ಲೇ ಕೆಲಸ ಆರಂಭ. ಪ್ಲೇಗಿನ ರೋಗಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸಬೇಕಿತ್ತು. ದನದ ಅಥವಾ ಹಂದಿಯ ಮಾಂಸ ಬಳಸಿದರೆ ಜನರ ಮನಸ್ಸಿಗೆ ನೋವಾದೀತೆಂದು ಮೇಕೆಯ ಮಾಂಸ ಆರಿಸಿಕೊಂಡರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು ಬಿಳಲುಗಳಂತೆ ಕೆಳಗೆ ಇಳಿದು ಬೆಳೆದವು. ಬಳಿಕ ಅದನ್ನು ಬಿಸಿಮಾಡಿ ರೋಗಾಣುಗಳನ್ನು ಕೊಂದರೆ ಲಸಿಕೆ ಸಿದ್ಧ. ಸತ್ತ ರೋಗಾಣು ರೋಗ ತರಲಾರದು; ಆದರೆ ಶತ್ರುವಿನ ಗುರುತನ್ನು ದೇಹಕ್ಕೆ ಮೊದಲೇ ತಿಳಿಸಿ ಎಚ್ಚರವಾಗಿರಿಸುತ್ತದೆ. ಲಸಿಕೆಗಳ ಮೂಲತತ್ವ ಇಷ್ಟೇ.

1897ರ ಜನವರಿ 10ರಂದು ಹಾಫ್ಕಿನ್ ಮತ್ತೊಮ್ಮೆ ಮೊದಲ ಸೂಜಿಯನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಪ್ರಮಾಣವೂ ಮುಂದೆ ಜನರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ವಿಪರೀತ ಜ್ವರ, ನೋವು, ಆದರೆ ಅಪಾಯವಾಗಲಿಲ್ಲ. ಅದೇ ತಿಂಗಳು ಬೈಕಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿದರು. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗಲಿ 6 ಮಂದಿ ತೀರಿಕೊಂಡರು. ಲಸಿಕೆ ಪಡೆದವರಲ್ಲಿ ಮುಂದಿನ ದಿನಗಳಲ್ಲಿ ಇಬ್ಬರಿಗೆ ಮಾತ್ರ ರೋಗ ಬಂತು, ಇಬ್ಬರೂ ಉಳಿದರು.

ಒಂದು ಸೆರೆಮನೆಯ ಲೆಕ್ಕ ಸಾಲದು ಎಂದು ಹಾಫ್ಕಿನ್‌ರಿಗೇ ಗೊತ್ತಿತ್ತು. ಲಸಿಕೆ ಹಾಕಿಸಿಕೊಂಡವರು ಬದುಕಿದರೆ ಅದು ಲಸಿಕೆಯಿಂದಲೋ, ಒಳ್ಳೆಯ ಮನೆ, ಒಳ್ಳೆಯ ಊಟದಿಂದಲೋ? ತಿಳಿಯಬೇಕಾದರೆ ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ಉಣ್ಣುವವರನ್ನು ಹೋಲಿಸಬೇಕು. 1898ರ ಫೆಬ್ರವರಿಯಲ್ಲಿ ಬರೋಡದ ಬಳಿಯ ಉಂಢೇರಾ ಎಂಬ ಹಳ್ಳಿಯಲ್ಲಿ ಹಾಗೆಯೇ ಮಾಡಿದರು. ಪ್ರತಿಯೊಂದು ಮನೆಯಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಲಸಿಕೆ, ಉಳಿದವರಿಗೆ ಇಲ್ಲ. ಕೆಲವು ವಾರಗಳ ನಂತರ ಮನೆಮನೆಗೂ ಹೋಗಿ ಲೆಕ್ಕ ತೆಗೆದರು. ಪ್ಲೇಗು ಹೊಕ್ಕ ಮನೆಗಳು 28. ಆ ಮನೆಗಳಲ್ಲಿ ಲಸಿಕೆ ಪಡೆದ 71 ಮಂದಿಯಲ್ಲಿ 8 ಜನ ಕಾಯಿಲೆಬಿದ್ದು 3 ಜನ ಸತ್ತಿದ್ದರು. ಲಸಿಕೆ ಪಡೆಯದ 64 ಮಂದಿಯಲ್ಲಿ 27 ಜನ ಕಾಯಿಲೆಬಿದ್ದು 26 ಜನ ಸತ್ತಿದ್ದರು.

ಈ ಅಂಕಿಗಳನ್ನು ಓದುವಾಗ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಒಂದೇ ಮನೆಯಲ್ಲಿ ಅಣ್ಣನಿಗೆ ಸೂಜಿ, ತಮ್ಮನಿಗಿಲ್ಲ. ಆ 26 ಮಂದಿಗೂ ಹೆಸರಿತ್ತು, ತಾಯಿಯಿದ್ದಳು, ಮಕ್ಕಳಿದ್ದರು. ಇಂದಾದರೆ ಇಂಥ ಪರೀಕ್ಷೆಗೆ ಪ್ರತಿಯೊಬ್ಬರ ಒಪ್ಪಿಗೆ ಬೇಕು, ನೀತಿ ಸಮಿತಿಯ ಅನುಮತಿ ಬೇಕು. ಫಲ ಸ್ಪಷ್ಟವಾದೊಡನೆ ಉಳಿದವರಿಗೂ ಮದ್ದು ಕೊಡಬೇಕು. ಅಂದು ಆ ಕಟ್ಟಳೆಗಳಿರಲಿಲ್ಲ. ಲಸಿಕೆ ಜೀವ ಉಳಿಸುತ್ತದೆಂದು ನಾವು ಧೈರ್ಯದಿಂದ ಹೇಳುವ ಮಾತಿನ ಹಿಂದೆ ಹೀಗೆ ಹೋದ ಜೀವಗಳ ಋಣವಿದೆ.

ಅದೇ ವರ್ಷ ಪ್ಲೇಗು ನಮ್ಮ ಸೀಮೆಗೆ ಬಂತು. ಹುಬ್ಬಳ್ಳಿ ರೈಲ್ವೆಯ ದೊಡ್ಡ ಕೇಂದ್ರ. ಗದಗ ರೈಲು ಕೂಡುವ ಊರು, ಹತ್ತಿಯ ಪೇಟೆ. ಸರಕು ಓಡಾಡುವ ಹಾದಿಯಲ್ಲೇ ಇಲಿಯೂ ಚಿಗಟವೂ ಓಡಾಡುತ್ತಿದ್ದವು. ಆಗಸ್ಟಿನಲ್ಲಿ ಬೆಂಗಳೂರಿಗೆ ರೋಗ ತಲುಪಿದ್ದೂ ಇದೇ ರೈಲುಹಾದಿಯಲ್ಲಿ. ಇಲಿ ಬಿದ್ದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು ಜನ ಕಂಡುಕೊಂಡ ಉಪಾಯ. ಅದರಲ್ಲಿ ತಿಳಿವಳಿಕೆಯಿತ್ತು. ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆಂದು ಫ್ರಾನ್ಸಿನ ಸಿಮೊಂ ಎಂಬ ವೈದ್ಯರು ಕರಾಚಿಯಲ್ಲಿ ಕಂಡುಕೊಂಡದ್ದೂ 1898ರಲ್ಲೇ.

ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಅವರ ಮೇಲ್ವಿಚಾರಣೆಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಲಸಿಕೆಯ ಕೆಲಸ ನಡೆಯಿತು. ಊರಿನ ಬಹುಪಾಲು ಜನ ಲಸಿಕೆ ಪಡೆದರು. ಧಾರವಾಡ, ಗದಗಗಳಲ್ಲೂ ಸಾವಿರಾರು ಜನ ತೋಳು ಚಾಚಿದರು. ಇದು ಸುಲಭವಾಗಿರಲಿಲ್ಲ. ಸರ್ಕಾರದ ಪ್ಲೇಗು ಅಧಿಕಾರಿಗಳು ಮನೆಗಳಿಗೆ ನುಗ್ಗಿ ಶೋಧಿಸುವುದು, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು ಜನರಲ್ಲಿ ಕಡುಕೋಪ ಹುಟ್ಟಿಸಿತ್ತು. ಪುಣೆಯಲ್ಲಿ 1897ರ ಜೂನಿನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಕೊಲೆಯಾದದ್ದು ಈ ಕೋಪದಿಂದಲೇ. ಬಲವಂತ ಸಲ್ಲದು, ಲಸಿಕೆ ಒಪ್ಪಿ ಪಡೆಯುವಂಥದ್ದಾಗಬೇಕು ಎಂಬುದು ಹಾಫ್ಕಿನ್‌ರ ನಿಲುವಾಗಿತ್ತು. ಲಸಿಕೆಯ ಮಿತಿಯನ್ನೂ ಅವರು ಮರೆಮಾಚಲಿಲ್ಲ. ಅದು ಎಲ್ಲರನ್ನೂ ಕಾಪಾಡುವುದಿಲ್ಲ, ರೋಗ ಬಂದ ಮೇಲೆ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ಆದರೆ ರೋಗ ಬರುವ ಸಂಭವವನ್ನೂ ಸಾವಿನ ಸಂಭವವನ್ನೂ ಬಹಳ ತಗ್ಗಿಸುತ್ತದೆ. ಆಗ ನೇಮಕವಾಗಿದ್ದ ಭಾರತೀಯ ಪ್ಲೇಗು ಆಯೋಗವೂ ಇದೇ ತೀರ್ಮಾನಕ್ಕೆ ಬಂತು.

1899ರಲ್ಲಿ ಅವರ ಪ್ರಯೋಗಾಲಯ ಪರೇಲಿನ ಹಳೆಯ ರಾಜಭವನಕ್ಕೆ ಬಂತು. ಒಂದು ಕಾಲಕ್ಕೆ ಯೇಸುಸಭೆಯ ಗುರುಗಳಿಗೆ ಸೇರಿದ್ದ ಜಾಗವದು. ಅಲ್ಲಿಂದ ಲಸಿಕೆಯ ಸೀಸೆಗಳು ದೇಶದ ಮೂಲೆಮೂಲೆಗೆ ಹೊರಟವು. ಹಾಫ್ಕಿನ್‌ರ ಕೀರ್ತಿ ಉತ್ತುಂಗಕ್ಕೇರಿತು. ಆದರೆ ದೊಡ್ಡ ಸಂಕಟ ಮುಂದೆ ಕಾದಿತ್ತು.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಂದು ಐದು ಸೀಸೆಗಳನ್ನು ತೆರೆಯಲಾಗಿತ್ತು. ಸತ್ತ ಎಲ್ಲರೂ ಒಂದೇ ಸೀಸೆಯಿಂದ ಲಸಿಕೆ ಪಡೆದವರು. ತಪ್ಪು ಮುಂಬಯಿಯ ಪ್ರಯೋಗಾಲಯದ್ದೇ ಎಂದು ವಿಚಾರಣಾ ಆಯೋಗ ತೀರ್ಪಿತ್ತಿತು. ಹಾಫ್ಕಿನ್ ಕೆಲಸದಿಂದ ದೂರವಾದರು. ಲಕ್ಷಾಂತರ ಜನರನ್ನು ಕಾಪಾಡಿದವರು 19 ಸಾವುಗಳ ಹೊಣೆ ಹೊತ್ತು ಇಂಗ್ಲೆಂಡಿಗೆ ಮರಳಿದರು.

ಸತ್ಯ ಹೊರಬರಲು ಐದು ವರ್ಷ ಹಿಡಿಯಿತು. ಸೀಸೆ ಪ್ರಯೋಗಾಲಯದಲ್ಲೇ ಕೆಟ್ಟಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು, ಬಂದಿರಲಿಲ್ಲ. ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಅಣು ಮಣ್ಣಿನಲ್ಲೇ ಇರುವಂಥದ್ದು. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ತೋರಿಸಿಕೊಟ್ಟ ರೊನಾಲ್ಡ್ ರಾಸ್ 1907ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಹಾಫ್ಕಿನ್‌ರ ಪರವಾಗಿ ಬರೆದರು. ಹೆಸರಾಂತ ವಿಜ್ಞಾನಿಗಳು ಜೊತೆಗೂಡಿದರು. ಅದೇ ವರ್ಷದ ಕೊನೆಗೆ ಸರ್ಕಾರ ಅವರ ಮೇಲಿನ ಆರೋಪ ಬಿಟ್ಟು ಮತ್ತೆ ಕರೆಯಿತು. ಆದರೆ ಅವರು ಕಟ್ಟಿ ಬೆಳೆಸಿದ ಪ್ರಯೋಗಾಲಯ ಮರಳಿ ಸಿಗಲಿಲ್ಲ. ಕಲ್ಕತ್ತದಲ್ಲಿ, ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅವಕಾಶವಿಲ್ಲದೆ, ಕೆಲವು ವರ್ಷ ದುಡಿದು 1914ರಲ್ಲಿ ಭಾರತವನ್ನು ಬಿಟ್ಟರು.

ಅವರು ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ತಮ್ಮ ಹಿರಿಯರ ಧರ್ಮಾಚರಣೆಯಲ್ಲಿ ಇನ್ನಷ್ಟು ನಿಷ್ಠೆಯಿಂದ ನಡೆದರು. ಉಳಿಸಿದ ಹಣವನ್ನು ಪೂರ್ವ ಯುರೋಪಿನ ಯೆಹೂದ್ಯ ಧರ್ಮಶಾಲೆಗಳಿಗೆ ಮೀಸಲಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲಿನ ಪ್ರಯೋಗಾಲಯಕ್ಕೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಡಲಾಗಿತ್ತು. ಅಷ್ಟು ಹೊತ್ತಿಗೆ ಅಲ್ಲಿಂದ ಸುಮಾರು 2 ಕೋಟಿ 60 ಲಕ್ಷ ಪ್ರಮಾಣದ ಪ್ಲೇಗು ಲಸಿಕೆ ಹೊರಗೆ ಹೋಗಿತ್ತು. 1964ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಈಗ ಪ್ಲೇಗಿಗೆ ಒಳ್ಳೆಯ ಔಷಧಿಗಳಿವೆ. ಬೇಗ ಗುರುತಿಸಿದರೆ ಗುಣವಾಗುತ್ತದೆ. ಹಾಫ್ಕಿನ್‌ರ ಆ ಲಸಿಕೆ ಬಳಕೆಯಲ್ಲಿಲ್ಲ. ಆದರೆ ಅಂದಿನ ಪ್ರಶ್ನೆ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಕೋವಿಡ್ ಲಸಿಕೆ 2021ರಲ್ಲಿ ಬಂದಾಗಲೂ, ಮಗುವಿಗೆ ದಡಾರದ ಚುಚ್ಚುಮದ್ದು ಹಾಕಿಸುವಾಗಲೂ, ಏನಾದರೂ ಆದರೆ ಎಂಬ ಭಯ ತಾಯಿತಂದೆಯರಿಗೆ ಸಹಜ. ಆ ಭಯಕ್ಕೆ ಗದರಿಕೆ ಉತ್ತರವಲ್ಲ. ಮದ್ದು ಕೊಡುವವರು ಅದರ ಗುಣವನ್ನೂ ಮಿತಿಯನ್ನೂ ಬಿಚ್ಚಿ ಹೇಳಬೇಕು. ಸೂಜಿಯ ಶುಚಿತ್ವದಲ್ಲಿ ಕೂದಲೆಳೆಯಷ್ಟೂ ಅಸಡ್ಡೆ ತೋರಬಾರದು. ಪಡೆಯುವ ನಾವು ಓಣಿಯ ವದಂತಿಗೆ ಕಿವಿಗೊಡದೆ, ಪಡೆದವರಿಗೇನಾಯಿತು, ಪಡೆಯದವರಿಗೇನಾಯಿತು ಎಂದು ಎರಡನ್ನೂ ತೂಗಿ ನೋಡಬೇಕು. ಒಂದು ಕೆಟ್ಟ ಸುದ್ದಿ ಕೇಳಿದೊಡನೆ ಎಲ್ಲವನ್ನೂ ತಳ್ಳಿಹಾಕಬಾರದು; ಅದನ್ನು ಮುಚ್ಚಿಡಲೂಬಾರದು.

ಸಾಲಕ್ಕೆ ಹೊಣೆ ನಿಲ್ಲುವವನು ತನ್ನ ಗಂಟನ್ನೂ ಪಣಕ್ಕಿಡಬೇಕಾಗುತ್ತದೆ. ಕಣಗಿನಹಾಳದ ರೈತರು ಅದನ್ನು ಬಲ್ಲವರಾಗಿದ್ದರು. ಹಾಫ್ಕಿನ್ ತಮ್ಮ ಮೈಯನ್ನೇ ಪಣಕ್ಕಿಟ್ಟರು. ಗದಗ, ಹುಬ್ಬಳ್ಳಿಯ ಜನ ಗುರುತಿಲ್ಲದ ದೂರದ ಮನುಷ್ಯನ ಮದ್ದಿಗೆ ತೋಳು ಚಾಚಿದರಲ್ಲ, ಆ ಧೈರ್ಯವೂ ಅಷ್ಟೇ ದೊಡ್ಡದು. ಹಾಗೆ ತೋಳು ಚಾಚಿ ಉಳಿದವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಈ ಸೀಮೆಯಲ್ಲಿ ಬಾಳುತ್ತಿದ್ದಾರೆ.