ತಂತ್ರಾಂಶದ ಗಂಟು ಬಿಚ್ಚಿದ ವಾಟ್ಸನ್

ಕಂಪ್ಯೂಟರ್ ಒಬ್ಬರಿಂದ, ಅದರಲ್ಲಿ ಓಡುವ ತಂತ್ರಾಂಶ ಇನ್ನೊಬ್ಬರಿಂದ ಕೊಳ್ಳುವುದು ಇಂದು ಯಾರಿಗೂ ವಿಶೇಷವೆನಿಸದು. ಆದರೆ 1960ರ ದಶಕದಲ್ಲಿ ತಂತ್ರಾಂಶವನ್ನು ಬಹುಮಟ್ಟಿಗೆ ಪ್ರತ್ಯೇಕ ಸರಕೆಂದು ಯಾರೂ ಎಣಿಸುತ್ತಿರಲಿಲ್ಲ. ಯಂತ್ರದ ಬಾಡಿಗೆಯಲ್ಲೇ ಅದೂ ಅಡಕವಾಗಿರುತ್ತಿತ್ತು. ಈ ಪದ್ಧತಿಯನ್ನು ಕೈಬಿಡುವ ನಿರ್ಧಾರ ಕೈಗೊಂಡವರು ಅಂದಿನ ಅತಿ ದೊಡ್ಡ ಕಂಪ್ಯೂಟರ್ ಸಂಸ್ಥೆಯಾದ ಐಬಿಎಂನ ಮುಖ್ಯಸ್ಥ ಥಾಮಸ್ ಜೆ. ವಾಟ್ಸನ್ ಜೂನಿಯರ್.

ವಾಟ್ಸನ್ ಜನಿಸಿದ್ದು 1914ರ ಜನವರಿ 14ರಂದು, ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ. ಅದೇ ವರ್ಷ ಅವರ ತಂದೆ ಸೇರಿದ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ತಂದೆಯ ಹೆಸರನ್ನೇ ಹೊತ್ತ ಮಗ ಓದಿನಲ್ಲಿ ಸಾಧಾರಣ. ಒಲವೆಲ್ಲ ವಿಮಾನ ಹಾರಾಟದತ್ತ. ಬ್ರೌನ್ ವಿಶ್ವವಿದ್ಯಾಲಯದಿಂದ 1937ರಲ್ಲಿ ಪದವಿ ಪಡೆದು ಐಬಿಎಂನಲ್ಲಿ ಮಾರಾಟ ಪ್ರತಿನಿಧಿಯಾದರೂ ಆ ಕೆಲಸ ರುಚಿಸಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿ ದುಡಿದ ವರ್ಷಗಳು ಅವರಿಗೆ ಆತ್ಮವಿಶ್ವಾಸ ತಂದುಕೊಟ್ಟವು.

ತಂದೆಯೊಂದಿಗೆ ಭಿನ್ನಮತ

ಯುದ್ಧದ ಬಳಿಕ ಸಂಸ್ಥೆಗೆ ಮರಳಿದ ಮಗ ಪಂಚ್‌ಕಾರ್ಡ್ ಯಂತ್ರಗಳ ಕಾಲ ಮುಗಿಯುತ್ತಿದೆ, ಮುಂದಿನದು ಎಲೆಕ್ಟ್ರಾನಿಕ್ ಗಣಕಗಳ ಯುಗ ಎಂದು ಮನಗಂಡರು. 1952ರಲ್ಲಿ ಅಧ್ಯಕ್ಷರಾದರು. ಅದೇ ವರ್ಷ ಅಮೆರಿಕದ ನ್ಯಾಯ ಇಲಾಖೆ ಐಬಿಎಂ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಹೋರಾಡಬೇಕೆಂಬುದು ತಂದೆಯ ಹಟ. ರಾಜಿಯೇ ಲೇಸೆಂಬುದು ಮಗನ ನಿಲುವು. ಕೊನೆಗೆ ಮಗನ ಮಾತೇ ನಡೆದು 1956ರ ಜನವರಿಯಲ್ಲಿ ಒಪ್ಪಂದವಾಯಿತು. ಅದರಂತೆ ಯಂತ್ರಗಳನ್ನು ಬಾಡಿಗೆಗೆ ಮಾತ್ರವಲ್ಲದೆ ಮಾರಾಟಕ್ಕೂ ಇಡಬೇಕಾಯಿತು. ಅದೇ ವರ್ಷ ಜೂನ್‌ನಲ್ಲಿ ತಂದೆ ನಿಧನರಾದರು.

1964ರ ಏಪ್ರಿಲ್ 7ರಂದು ಪ್ರಕಟವಾದ ಸಿಸ್ಟಂ/360 ವಾಟ್ಸನ್ ಅವರ ಬಹುದೊಡ್ಡ ಪಣ. ಸುಮಾರು 500 ಕೋಟಿ ಡಾಲರ್ ವೆಚ್ಚದ ಈ ಯೋಜನೆಯ ವೈಶಿಷ್ಟ್ಯವೆಂದರೆ, ಸಣ್ಣ ಯಂತ್ರಕ್ಕೆಂದು ಬರೆದ ಪ್ರೋಗ್ರಾಂ ಅದೇ ಮಾಲಿಕೆಯ ದೊಡ್ಡ ಯಂತ್ರದಲ್ಲೂ ಓಡಬಲ್ಲದು. ಆದರೆ ಅದರ ಕಾರ್ಯಾಚರಣಾ ತಂತ್ರಾಂಶ ವಿಳಂಬವಾಗಿ, ವೆಚ್ಚ ಲೆಕ್ಕ ಮೀರಿತು. ತಂತ್ರಾಂಶವೆಂಬುದು ಪುಕ್ಕಟೆ ಹಂಚುವಷ್ಟು ಅಗ್ಗದ ವಸ್ತುವಲ್ಲ ಎಂಬ ಸತ್ಯ ಆಗ ಸಂಸ್ಥೆಗೆ ತಟ್ಟಿತು.

ಒಂದೇ ಮಾಲಿಕೆಯ ಸಾವಿರಾರು ಯಂತ್ರಗಳಿದ್ದಲ್ಲಿ ಒಂದೇ ಪ್ರೋಗ್ರಾಂ ಬರೆದು ಹಲವರಿಗೆ ಮಾರಬಹುದು ಎಂಬುದು ಹೊರಗಿನವರಿಗೂ ಹೊಳೆಯಿತು. ನ್ಯೂಜೆರ್ಸಿಯ ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಣ್ಣ ಸಂಸ್ಥೆ ಆಟೋಫ್ಲೋ ಎಂಬ ಪ್ರೋಗ್ರಾಂ ಮಾರುತ್ತಿತ್ತು. ಅದೇ ಬಗೆಯ ಕೆಲಸ ಮಾಡುವ ಪ್ರೋಗ್ರಾಂ ಐಬಿಎಂ ಗ್ರಾಹಕರಿಗೆ ಉಚಿತವಾಗಿಯೇ ಸಿಗುತ್ತಿತ್ತು. ಪುಕ್ಕಟೆ ಸಿಗುವುದಕ್ಕೆ ಹಣ ಕೊಡುವವರಾರು? ಇದೇ ಆ ಸಂಸ್ಥೆಯ ಅಳಲು.

ತೆರೆಯಬೇಕೇ, ಬೇಡವೇ?

ಐಬಿಎಂ ಒಳಗೂ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಯಂತ್ರ, ಪ್ರೋಗ್ರಾಂ, ತರಬೇತಿ, ತಜ್ಞರ ನೆರವು ಎಲ್ಲವನ್ನೂ ಒಂದೇ ಬಾಡಿಗೆಯಲ್ಲಿ ಒದಗಿಸುವ ಭರವಸೆಯೇ ಸಂಸ್ಥೆಯ ಮಾರಾಟದ ಬಲ. ಕಂಪ್ಯೂಟರ್ ಎಂದರೆ ಅಳುಕುತ್ತಿದ್ದ ಗ್ರಾಹಕರಿಗೆ ಅದು ಆಸರೆಯೂ ಆಗಿತ್ತು. ಅದನ್ನು ಬಿಡಿಸಿದರೆ ನೆರವಿಗೆಲ್ಲ ಬೇರೆ ಬಿಲ್ಲು ಬರುತ್ತದೆ, ಗ್ರಾಹಕ ಮುನಿಯುತ್ತಾನೆ ಎಂಬ ಆತಂಕಕ್ಕೆ ಆಧಾರವಿತ್ತು. ಇನ್ನೊಂದೆಡೆ, ಒಂದು ವಸ್ತುವಿಗೆ ಇನ್ನೊಂದನ್ನು ಕಟ್ಟಿ ಮಾರುವುದು ನ್ಯಾಯಾಲಯದಲ್ಲಿ ನಿಲ್ಲದು ಎಂಬುದು ಸಂಸ್ಥೆಯ ಕಾನೂನು ಮುಖ್ಯಸ್ಥ ಬರ್ಕ್ ಮಾರ್ಷಲ್ ಅವರ ಸಲಹೆಯಾಗಿತ್ತು.

ಒತ್ತಡ ಹೆಚ್ಚುತ್ತಲೇ ಹೋಯಿತು. 1968ರ ಡಿಸೆಂಬರ್‌ನಲ್ಲಿ ಪ್ರತಿಸ್ಪರ್ಧಿ ಕಂಟ್ರೋಲ್ ಡೇಟಾ ಸಂಸ್ಥೆ ಮೊಕದ್ದಮೆ ಹೂಡಿತು. 1969ರ ಜನವರಿ 17ರಂದು ನ್ಯಾಯ ಇಲಾಖೆಯೂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಅಪ್ಲೈಡ್ ಡೇಟಾ ರಿಸರ್ಚ್ ಸಂಸ್ಥೆಯ ಸರದಿ.

1969ರ ಜೂನ್ 23ರಂದು ಐಬಿಎಂ ತನ್ನ ನಿರ್ಧಾರ ಪ್ರಕಟಿಸಿತು. 17 ಪ್ರೋಗ್ರಾಂಗಳಿಗೆ ಪ್ರತ್ಯೇಕ ದರ ನಿಗದಿಯಾಯಿತು. ತರಬೇತಿ ಮತ್ತು ತಜ್ಞರ ಸೇವೆಗೂ ಬೇರೆ ಶುಲ್ಕ. ಯಂತ್ರದ ದರದಲ್ಲಿ ಕಡಿತವಾದದ್ದು ಕೇವಲ ಶೇ 3. ಕಾರ್ಯಾಚರಣಾ ತಂತ್ರಾಂಶವನ್ನು ಮಾತ್ರ ಯಂತ್ರದ ಜೊತೆಗೇ ಉಳಿಸಿಕೊಳ್ಳಲಾಯಿತು. ಬಾಗಿಲು ಅರ್ಧವಷ್ಟೇ ತೆರೆದಿತ್ತು. ಆದರೆ ತಂತ್ರಾಂಶಕ್ಕೂ ಬೆಲೆಯುಂಟು ಎಂದು ಮಾರುಕಟ್ಟೆಯ ದೊರೆಯೇ ಒಪ್ಪಿದಂತಾಗಿ, ಸ್ವತಂತ್ರ ತಂತ್ರಾಂಶ ಸಂಸ್ಥೆಗಳಿಗೆ ನೆಲೆ ದೊರೆಯಿತು. ಐಬಿಎಂಗೂ ನಷ್ಟವಾಗಲಿಲ್ಲ, ಮುಂದೆ ತಂತ್ರಾಂಶವೇ ಅದಕ್ಕೆ ದೊಡ್ಡ ಆದಾಯ ಮೂಲವಾಯಿತು. ನ್ಯಾಯ ಇಲಾಖೆ 1982ರಲ್ಲಿ ತನ್ನ ಮೊಕದ್ದಮೆ ಕೈಬಿಟ್ಟಿತು.

ಇದು ಔದಾರ್ಯದಿಂದ ಬಂದ ನಿರ್ಧಾರವೇನಲ್ಲ. ಮೊಕದ್ದಮೆಗಳ ಭಯ ಮತ್ತು ಏರುತ್ತಿದ್ದ ವೆಚ್ಚ ಎರಡೂ ಅದರ ಹಿಂದಿದ್ದವು. ಆದರೂ ಅಪ್ಪ ಕಟ್ಟಿದ ಪದ್ಧತಿಯನ್ನು ಎರಡನೇ ಬಾರಿಗೆ ಸಡಿಲಿಸುವ ಧೈರ್ಯ ವಾಟ್ಸನ್ ಅವರದಾಗಿತ್ತು.

1970ರಲ್ಲಿ ಹೃದಯಾಘಾತಕ್ಕೊಳಗಾದ ಅವರು ಮರುವರ್ಷ ಹುದ್ದೆ ತೊರೆದರು. 1979ರಿಂದ 1981ರವರೆಗೆ ಸೋವಿಯತ್ ಒಕ್ಕೂಟದಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. 1993ರ ಡಿಸೆಂಬರ್ 31ರಂದು, ತಮ್ಮ 79ನೇ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ವಿದೇಶಿ ಪಾಲುದಾರಿಕೆಯ ಕಾನೂನಿಗೆ ಒಪ್ಪದೆ 1978ರಲ್ಲಿ ಭಾರತ ತೊರೆದಿದ್ದ ಐಬಿಎಂ, 1992ರಲ್ಲಿ ಟಾಟಾ ಸಮೂಹದೊಡನೆ ಬೆಂಗಳೂರಿಗೆ ಬಂತು. ಬೆಂಗಳೂರಿನ ತಂತ್ರಾಂಶ ಉದ್ಯಮ ಬೆಳೆಯಲು ಕಾರಣಗಳು ಹಲವು. ಆದರೆ ತಂತ್ರಾಂಶವನ್ನು ಯಂತ್ರದಿಂದ ಬೇರ್ಪಡಿಸಿ ಮಾರಬಹುದೆಂಬುದು ಇತ್ಯರ್ಥವಾಗದೆ ಉಳಿದಿದ್ದರೆ, ಯಂತ್ರ ತಯಾರಿಸದ ಊರೊಂದು ಪ್ರೋಗ್ರಾಂ ಬರೆದೇ ಬದುಕು ಕಟ್ಟಿಕೊಳ್ಳುವುದು ಕಷ್ಟವಿತ್ತು.